ಏಳೋ, ಎಂಟೋ? ದಾಳಿಂಬೆ ಕಾಳು ಕೊಟ್ಟ ಉತ್ತರ

ಕಳೆದ ತಿಂಗಳು ರಜೆ ಹಾಕಿ ಇಂಡಿಗೆ ಹೋದಾಗ ಅಣ್ಣನ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಏಳನೇ ಕ್ಲಾಸು. ಶಾಲೆಯಲ್ಲಿ ಕೊಟ್ಟ ಪ್ರಶ್ನೆ ಇದು: ನಾಲ್ಕು ಘನಗಳನ್ನು ಮುಖಕ್ಕೆ ಮುಖ ಸೇರಿಸಿ ಅಂಟಿಸಿದರೆ ಎಷ್ಟು ಬೇರೆ ಬೇರೆ ಆಕಾರ ಬರುತ್ತವೆ? ಇವಳು 8 ಅಂತ ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು 7 ಅಂತ ತಿದ್ದಿದ್ದರು.

"ನಂಗ ಗಣಿತ ಬರಂಗಿಲ್ಲ ಬಿಡ್ರಿ ಕಾಕಾ," ಅಂದಳು. ಮಾರ್ಕ್ಸ್ ಹೋಗಿದ್ದಕ್ಕಿಂತ ಈ ಮಾತು ನನ್ನನ್ನು ಚುಚ್ಚಿತು.

ಇಬ್ಬರೂ ಬಟಾಟಿಯನ್ನು ಘನವಾಗಿ ಕತ್ತರಿಸಿ, ಬೆಂಕಿಕಡ್ಡಿ ಚುಚ್ಚಿ ಎಣಿಸಿದೆವು. ನೆಲದ ಮೇಲೆ ಚಪ್ಪಟೆಯಾಗಿ ಕೂರುವವು 5. ಒಂದು ಮೂಲೆಯಿಂದ ಮೂರು ದಿಕ್ಕಿಗೆ ಚಾಚಿದ್ದು 1. ಉಳಿದ ಎರಡು ತಿರುಚಿದವು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಹೇಗೆ ಹೊರಳಿಸಿದರೂ ಒಂದು ಇನ್ನೊಂದಾಗಲ್ಲ. ಕನ್ನಡಿಯಲ್ಲಿ ಮಾತ್ರ ಆಗುತ್ತೆ.

"ಎಡಗಾಲ ಚಪ್ಪಲಿ ಬಲಗಾಲಿಗೆ ಬರ್ತದೇನ್ರಿ?" ಅಂದಳು.

ಬರೋದಿಲ್ಲ! ಕನ್ನಡಿ ರೂಪವನ್ನೂ ಒಂದೇ ಅಂತ ಹಿಡಿದರೆ 7, ಬೇರೆ ಅಂದರೆ 8. ಪ್ರಶ್ನೆಯಲ್ಲಿ ಆ ನಿಯಮವೇ ಇರಲಿಲ್ಲ. ಡೆನ್ಮಾರ್ಕಿನ ಪೀಟ್ ಹೈನ್ 1930ರ ದಶಕದಲ್ಲಿ ಮಾಡಿದ ಸೋಮಾ ಕ್ಯೂಬ್ ಆಟದಲ್ಲೂ ಈ ಎಡ-ಬಲ ಜೋಡಿ ಎರಡು ಬೇರೆ ತುಂಡುಗಳೇ.

ಊಟವಾದ ಮೇಲೆ ಅವ್ವ ದಾಳಿಂಬೆ ಬಿಡಿಸಿಕೊಟ್ಟಳು. ಲಿಂಬೆ, ದ್ರಾಕ್ಷಿಯ ಹಾಗೆ ಅದೂ ನಮ್ಮ ಜಿಲ್ಲೆಯ ಬೆಳೆ. ಅದರ ಕಾಳು ದುಂಡಗಿರಲ್ಲ. ಒಂದಕ್ಕೊಂದು ಒತ್ತಿ ಮುಖ ಮೂಡಿರುತ್ತೆ. 1611ರಲ್ಲೇ ಕೆಪ್ಲರ್ ಇದನ್ನು ಗಮನಿಸಿದ್ದ. ಒತ್ತೊತ್ತಾಗಿ ಪೇರಿಸಿದ ಉಂಡೆಗಳನ್ನು ಎಲ್ಲ ಕಡೆಯಿಂದ ಅದುಮಿದರೆ 12 ವಜ್ರಾಕೃತಿ ಮುಖಗಳ ಕಾಳಾಗುತ್ತೆ. ಘನದಂತೆ ಇದೂ ಸಂದಿಲ್ಲದೆ ಜಾಗ ತುಂಬುತ್ತೆ.

ರಟ್ಟಿನಲ್ಲಿ ಅಂಥ ಮೂರು ಕಾಳು ಮಾಡಿದೆವು. ನೀವೂ ಮಾಡಿ ನೋಡಿ: ಪ್ರತಿ ಮುಖದ ಉದ್ದ ಕರ್ಣ 7 ಸೆಂ.ಮೀ., ಗಿಡ್ಡದ್ದು 5 ಇದ್ದರೆ ಹೆಚ್ಚುಕಮ್ಮಿ ಸರಿಯಾಗಿ ಕೂಡುತ್ತೆ. ಎರಡು ಕಾಳು ಸೇರಿದರೆ ಒಂದೇ ಆಕಾರ. ಮೂರನೆಯದು ಸೇರಿದಾಗ ನಡುವಿನ ಕಾಳಿನಲ್ಲಿ ಬರುವ ಕೋನ 60, 90, 120 ಅಥವಾ 180 ಡಿಗ್ರಿ. ಅಂದರೆ 4 ಆಕಾರ. ಆದರೆ 120ರದ್ದಕ್ಕೆ ಎಡ-ಬಲ ಜೋಡಿ ಇದೆ! ಘನಗಳಲ್ಲಿ ಈ ಜೋಡಿ ಸಿಗೋಕೆ ನಾಲ್ಕು ಬೇಕಾಗಿದ್ದವು. ಇಲ್ಲಿ ಮೂರೇ ಸಾಕು.

"ನಾಲ್ಕೂ ಖರೆ, ಐದೂ ಖರೆ. ನಿಯಮ ಮೊದಲ ಹೇಳಬೇಕ್ರಿ," ಅಂತ ತೀರ್ಪು ಕೊಟ್ಟಳು.

ಮರುದಿನ ಬಟಾಟಿಯ ಎರಡು ತಿರುಚುಗಳನ್ನು ಡಬ್ಬಿಗೆ ಹಾಕಿಕೊಂಡು ಶಾಲೆಗೆ ಹೋದಳು. ಸಂಜೆ ನಾನು ಬಸ್ಸಿನಲ್ಲಿದ್ದಾಗ ಫೋನ್ ಬಂತು.

"ಕಾಕಾ, ಟೀಚರ್ 8ರ ಮ್ಯಾಲ ರೈಟ್ ಹಾಕ್ಯಾರ. 7ನೂ ಹೊಡದಿಲ್ಲ. ಅದಿರ್ಲಿ, ನಾಲ್ಕ ಕಾಳಿಗೆ ಎಷ್ಟ ಆಗ್ತಾವ?"