ಪ್ರಾಸ್ಟೇಟ್ ಗ್ರಂಥಿಯ ಅರ್ಬುದದಲ್ಲಿ ಉರಿಯೂತದ ಪಾತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಗಳಲ್ಲಿ ಅರುವತ್ತು ದಾಟಿದ ಗಂಡಸರು ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಎದ್ದರೆ ಅದನ್ನು ವಯೋಧರ್ಮವೆಂದು ಬಗೆಯುವುದು ವಾಡಿಕೆ. ಬಹುಮಟ್ಟಿಗೆ ಅದು ನಿಜವೂ ಹೌದು. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿಯು ಮುಪ್ಪಿನಲ್ಲಿ ಸಾಮಾನ್ಯವಾಗಿ ಹಿಗ್ಗುತ್ತದೆ. ಆದರೆ ಅದೇ ಗ್ರಂಥಿಯಲ್ಲಿ ಉರಿಯೂತವೂ ಅರ್ಬುದವೂ ತಲೆದೋರಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಅರ್ಬುದ ನೋಂದಣಿಯು ಆ ನಗರದ ಗಂಡಸರ ಮುಖ್ಯ ಅರ್ಬುದಗಳ ಸಾಲಿನಲ್ಲಿ ಇದನ್ನೂ ಎಣಿಸುತ್ತದೆ. ಇವೆರಡು ವ್ಯಾಧಿಗಳಿಗೆ ಪರಸ್ಪರ ಸಂಬಂಧವೇನು?

ಅರ್ಬುದದ ಗಂತಿಗಳೊಳಗೆ ಬಿಳಿಯ ರಕ್ತಕಣಗಳಿರುವುದನ್ನು ಜರ್ಮನಿಯ ವಿರ್ಖೋ 1863ರಲ್ಲಿಯೇ ಗಮನಿಸಿದ್ದನು. ಉರಿಯೂತವು ಮೂಲತಃ ದೇಹದ ರಕ್ಷಣೆಯ ಕಾರ್ಯ. ಅದು ಮುಗಿಯದೆ ವರ್ಷಗಟ್ಟಲೆ ಮುಂದುವರಿದಾಗಲೇ ಕೇಡು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು: ಅಲ್ಲಿ ಎಲೆಯನ್ನು ಮಾರ್ಪಡಿಸುವುದು ಭುಗಿಲೆದ್ದ ಜ್ವಾಲೆಯಲ್ಲ, ದಿನಗಟ್ಟಲೆ ಬಿಡದ ಶಾಖ. (ಆ ಸೊಪ್ಪಿನ ಹೊಗೆ ಸೇದುವ ರೋಗಿಗಳು ಈ ಅರ್ಬುದದಿಂದ ಸಾಯುವ ಸಂಭವ ಹೆಚ್ಚೆಂಬುದೂ ಕಂಡುಬಂದಿದೆ.) ಉರಿಯೂತವಿದ್ದೆಡೆ ಗ್ರಂಥಿಯ ಕೋಶಗಳು ಕೃಶವಾಗಿದ್ದರೂ ಬಿರುಸಾಗಿ ವಿಭಜಿಸುತ್ತಿರುತ್ತವೆ, ಅರ್ಬುದದ ಪೂರ್ವರೂಪ ಇಲ್ಲಿರಬಹುದೆಂದು ಅಮೆರಿಕದ ಡಿ ಮಾರ್ಜೋ ಮತ್ತು ಸಂಗಡಿಗರು 1999ರಲ್ಲಿ ಸೂಚಿಸಿದರು. ಬಿಳಿಯ ಕಣಗಳು ಹೊರಬಿಡುವ ಉತ್ಕರ್ಷಕ ವಸ್ತುಗಳು ಡಿಎನ್‌ಎಗೆ ಪೆಟ್ಟುಕೊಡುತ್ತವೆ. ಅದನ್ನು ತಡೆಯುವ ಜಿಎಸ್‌ಟಿಪಿ-1 ಎಂಬ ಕಿಣ್ವದ ಜೀನು ಪ್ರಾಸ್ಟೇಟ್ ಅರ್ಬುದಗಳಲ್ಲಿ ಬಹುಪಾಲು ಮೂಕವಾಗಿರುತ್ತದೆ.

ಅರ್ಬುದ ಹುಟ್ಟಿದ ಮೇಲೆಯೂ ಉರಿಯೂತದ ಪಾತ್ರ ತೀರುವುದಿಲ್ಲ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಅರ್ಬುದ ಕುಗ್ಗುವುದೆಂದು ಹಗಿನ್ಸನು 1941ರಲ್ಲಿ ತೋರಿಸಿ, 1966ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಆದರೆ ಕೆಲವು ಕಾಲದ ಮೇಲೆ ಅದು ಮರಳಿ ಬೆಳೆಯುವುದುಂಟು. ಹಾರ್ಮೋನು ತಗ್ಗಿ ಸಾಯುವ ಅರ್ಬುದಕೋಶಗಳೇ ಉರಿಯೂತವನ್ನು ಕೆರಳಿಸಿ ಬಿ-ಕೋಶಗಳನ್ನು ಬರಮಾಡಿಕೊಳ್ಳುವುವೆಂದೂ, ಅವುಗಳ ಸ್ರಾವವು ಉಳಿದ ಅರ್ಬುದಕೋಶಗಳ ಪುನರ್ವೃದ್ಧಿಗೆ ನೆರವಾಗುವುದೆಂದೂ 2010ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿಯಿತು. ಇಲಿಯಲ್ಲಿ ಕಂಡುದೆಲ್ಲ ಮನುಷ್ಯನಿಗೆ ಅನ್ವಯಿಸಲೇಬೇಕೆಂದಿಲ್ಲ.

ಮನುಷ್ಯರಲ್ಲಿ ದೊರೆತ ಸಾಕ್ಷ್ಯವು ಮೇಲುನೋಟಕ್ಕೆ ವಿರುದ್ಧವಾಗಿದೆ. 2014ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಒಂದು ಉರಿಯೂತವಿದ್ದವರಲ್ಲಿ ಅರ್ಬುದ ಹೆಚ್ಚೆಂದಿತು, ಇನ್ನೊಂದು ಕಡಿಮೆಯೆಂದಿತು. ಎರಡನೆಯದರಲ್ಲಿ ಸೇರಿದವರು ರಕ್ತದ ಪಿ.ಎಸ್.ಎ. ಮೊದಲೇ ಏರಿದ್ದು, ಗ್ರಂಥಿಯ ತುಣುಕಿನಲ್ಲಿ ಅರ್ಬುದ ಕಾಣದಿದ್ದವರು. ಉರಿಯೂತವೂ ಪಿ.ಎಸ್.ಎ.ಯನ್ನು ಏರಿಸಬಲ್ಲುದು; ಆದುದರಿಂದ ಅವರಲ್ಲಿ ಅನೇಕರ ಅಂಕಿ ಏರಲು ಉರಿಯೂತವೇ ಕಾರಣವಾಗಿದ್ದೀತು. ಮೊದಲನೆಯದರಲ್ಲಾದರೋ ಪಿ.ಎಸ್.ಎ. ಎಷ್ಟಿದ್ದರೂ ತುಣುಕು ತೆಗೆದು ನೋಡಿದ್ದರು. ನನ್ನ ಎಣಿಕೆಯಲ್ಲಿ ಮೊದಲನೆಯದಕ್ಕೇ ತೂಕ ಹೆಚ್ಚು.

ಚಿಕಿತ್ಸೆಯಲ್ಲಿ ಈ ವಿವೇಚನೆ ನಿತ್ಯವೂ ಬೇಕಾಗುತ್ತದೆ. ಮೂತ್ರದಲ್ಲಿ ಉರಿ, ಜ್ವರ ಇರುವಾಗ ಪಿ.ಎಸ್.ಎ. ಏರಿದ್ದರೆ ವೈದ್ಯರು ಸೋಂಕನ್ನು ಗುಣಪಡಿಸಿ, ಕೆಲವು ವಾರಗಳ ತರುವಾಯ ಮತ್ತೆ ಅಳೆಯುವರು. ಆಗಲೂ ಇಳಿಯದಿದ್ದರೆ ಉರಿಯೂತವೆಂದು ಸುಮ್ಮನಿರದೆ ಮುಂದಿನ ತಪಾಸಣೆಗೆ ತೊಡಗುವರು.