ಶಾಸನವೆಂದರೆ ಯಾವ ಶಾಸನ?

ಹಲವು ವರ್ಷಗಳ ಹಿಂದೆ ಸಮಾಜ ಪಾಠದ ಉತ್ತರ ಪತ್ರಿಕೆಯೊಂದರಲ್ಲಿ ಹೀಗೊಂದು ವಾಕ್ಯವನ್ನು ಕಂಡೆ: “ಅಶೋಕನು ಶಾಸಕರ ಒಪ್ಪಿಗೆ ಪಡೆದು ಬ್ರಹ್ಮಗಿರಿಯಲ್ಲಿ ಶಾಸನ ಮಾಡಿದನು.” ನಕ್ಕು, ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ. ಆಮೇಲೆ ಆ ಸೊನ್ನೆ ನನ್ನನ್ನೇ ಚುಚ್ಚತೊಡಗಿತು. ಇತಿಹಾಸದ ಪಾಠದಲ್ಲಿ ಶಾಸನವೆಂದರೆ ಬಂಡೆಯ ಮೇಲಣ ಬರಹ. ಪೌರನೀತಿಯ ಪಾಠದಲ್ಲಿ ಶಾಸನವೆಂದರೆ ವಿಧಾನ ಮಂಡಲ ಮಾಡುವ ಕಾನೂನು. ಒಂದೇ ಪುಸ್ತಕದಲ್ಲಿ ಎರಡನ್ನೂ ಓದಿದ ಹುಡುಗ ಎರಡನ್ನೂ ಗಂಟುಹಾಕಿದ್ದ. ಬಿಡಿಸಿ ಹೇಳಬೇಕಾಗಿದ್ದ ನಾನು ಹೇಳಿರಲಿಲ್ಲ.

ಅಂದಿನಿಂದ, ಪಾಠ ಮುಗಿದೊಡನೆ ಪ್ರಶ್ನೋತ್ತರ ಬರೆಯಿಸುವ ಮೊದಲು ಅದರ ಮಾತುಗಳನ್ನು ಮಕ್ಕಳಿಂದ ಆಡಿಸುತ್ತೇನೆ. ಮೊದಲನೆಯದು ‘ಎರಡು ಮನೆಯ ಮಾತು’. ಕಪ್ಪು ಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ಬಂಡೆ’, ಬಲಕ್ಕೆ ‘ಸಭೆ’ ಎಂದು ಬರೆಯುವುದು. ಕೆತ್ತಿದವರು ಯಾರು, ಮತ ಹಾಕಿದವರು ಯಾರು, ತಿದ್ದುಪಡಿ ಯಾವುದಕ್ಕೆ ಸಾಧ್ಯ ಎಂದು ಕೇಳುತ್ತ ಹೋದರೆ ಎರಡು ಪಾಠಗಳೂ ಒಟ್ಟಿಗೆ ಪುನರಾವರ್ತನೆಯಾಗುತ್ತವೆ. ಎರಡಕ್ಕೂ ತಾಯಿಬೇರು ‘ಶಾಸ್’ ಧಾತು, ಅಂದರೆ ಆಜ್ಞಾಪಿಸು, ಕಲಿಸು. ‘ಶಿಷ್ಯ’ ಎಂಬ ಮಾತೂ ಅದರಿಂದಲೇ ಹುಟ್ಟಿದ್ದು ಎಂದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ. (ಪಂಡಿತರ ಚಾಳಿ, ಕ್ಷಮಿಸಬೇಕು.)

ಎರಡನೆಯದು ಜೋಡಿ ಕಟ್ಟುವ ಆಟ. ಬಂಡೆ, ಪ್ರಾಕೃತ, ಬ್ರಾಹ್ಮೀ, ಕಳಿಂಗ, ಧಮ್ಮ, ಮಹಾಮಾತ್ರ ಇತ್ಯಾದಿ ಮಾತುಗಳನ್ನು ಚೀಟಿಗಳಲ್ಲಿ ಬರೆದು ಮಡಚಿಡಬೇಕು. ಮಗು ಎರಡು ಚೀಟಿ ಎತ್ತಿ, ಅವುಗಳ ನಂಟನ್ನು ‘ಏಕೆಂದರೆ’ ಎಂಬ ಮಾತು ಬರುವಂತೆ ಒಂದೇ ವಾಕ್ಯದಲ್ಲಿ ಹೇಳಬೇಕು. ಉರು ಹೊಡೆದವರು ಇಲ್ಲಿ ತಡವರಿಸುತ್ತಾರೆ. ಅರ್ಥ ಮಾಡಿಕೊಂಡವರು ತಪ್ಪಾದರೂ ಏನಾದರೊಂದು ಹೇಳುತ್ತಾರೆ. ಒಮ್ಮೆ ‘ಬಂಡೆ’, ‘ಪ್ರಾಕೃತ’ ಎರಡನ್ನೂ ಎತ್ತಿದ ಹುಡುಗಿ ವಾಕ್ಯ ಹೇಳದೆ ನನ್ನನ್ನೇ ಕೇಳಿದಳು: “ಚಿತ್ರದುರ್ಗದ ಸೀಮೆಯಲ್ಲಿ ಪ್ರಾಕೃತವನ್ನು ಯಾರು ಓದುತ್ತಿದ್ದರು, ಸಾರ್?” ಪಠ್ಯದಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಬ್ರಹ್ಮಗಿರಿಯ ಬರಹದಲ್ಲಿಯೇ ಸುಳಿವಿದೆ. ಅದು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕ್ಷೇಮ ವಿಚಾರಿಸಿ ಕಳುಹಿಸಿದ ಆಜ್ಞೆ. ಓದುವವರು ಅವರು, ಊರ ಜನ ಅವರ ಬಾಯಿಂದ ಕೇಳಿ ತಿಳಿದಿರಬೇಕು. ಅಷ್ಟರಲ್ಲಿ ‘ಮಹಾಮಾತ್ರ’ ಚೀಟಿ ಯಾರ ಕೈಯಲ್ಲಿದೆಯೆಂದು ತರಗತಿಯೆಲ್ಲ ಹುಡುಕತೊಡಗಿತು.

ಮನೆಯಲ್ಲಿ ಇದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ, ಒಂದು ಕತ್ತರಿ ಸಾಕು. ಚೀಟಿಯ ಮಾತುಗಳನ್ನು ಮಗುವೇ ಪಾಠದಿಂದ ಆರಿಸಲಿ. ಎಂಟಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ಚೀಟಿ ಕಂಡರೆ ಅದು ಎದ್ದು ಅಂಗಳಕ್ಕೆ ಓಡುತ್ತದೆ. ತಪ್ಪು ಹೇಳಿದಾಗ ತಿದ್ದುವುದಕ್ಕೆ ಮೊದಲು “ಹಾಗೇಕೆ ಅನ್ನಿಸಿತು?” ಎಂದು ಕೇಳಿ.