ಓಡತೊಡಗಿದಾಗ ಎದೆ ಹಿಡಿದರೆ

ಬೆಳೆಗೆ ಬಾಯಿ ಹಾಕಿದ ದನವನ್ನು ಅಟ್ಟಲು ನಾಲ್ಕು ಹೆಜ್ಜೆ ಓಡಿದೊಡನೆ ಎದೆ ಬಿಗಿಹಿಡಿಯುತ್ತದೆ. ಬದುವಿನ ಮೇಲೆ ಕುಳಿತು ಸುಧಾರಿಸಿಕೊಂಡರೆ ಎರಡು ಮೂರು ನಿಮಿಷಗಳಲ್ಲಿ ಸರಿಹೋಗುತ್ತದೆ. "ಗ್ಯಾಸ್ ಇರಬೇಕು" ಎಂದು ಓಮದ ನೀರು ಕುಡಿದು ಸುಮ್ಮನಾಗುವವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ. ಸಕ್ಕರೆ ಕಾಯಿಲೆ ಬಂತೆಂದು ನಲವತ್ತೈದು ದಾಟಿದ ಮೇಲೆ ಮೊದಲ ಬಾರಿಗೆ ಮುಂಜಾನೆ ಓಡಲು ಹೊರಟವರೂ ಇದ್ದಾರೆ. ಪೊಲೀಸ್ ಅಥವಾ ಸೇನೆಯ ಭರ್ತಿಗಾಗಿ 1600 ಮೀಟರ್ ಓಟ ಅಭ್ಯಾಸ ಮಾಡುವ ತರುಣರೂ ಇದ್ದಾರೆ. ಎದೆ ನೋಯುತ್ತದೆಂದರೆ ಮನೆಯವರು ಬೇಡವೆಂದಾರು ಎಂದು ಈ ಹುಡುಗರು ನೋವನ್ನು ಮುಚ್ಚಿಟ್ಟು ಓಡುತ್ತಾರೆ.

ಓಡುವಾಗ ಬರುವ ಎದೆನೋವೆಲ್ಲ ಒಂದೇ ಬಗೆಯದಲ್ಲ. ಅನೇಕವು ನಿರಪಾಯವಾದವು. ಒಂದೆರಡು ಮಾತ್ರ ಪ್ರಾಣಕ್ಕೇ ಎರವಾಗತಕ್ಕವು. ಅವುಗಳ ಗುರುತನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು.

ಹೂಳು ತುಂಬಿದ ಕಾಲುವೆ

ಹೃದಯವು ಒಂದು ಪಂಪಿನಂತೆ. ನಾವು ಸುಮ್ಮನೆ ಕುಳಿತಿರುವಾಗ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ. ಜೋರಾಗಿ ಓಡುವಾಗ ಇದು ಮೂರು ನಾಲ್ಕು ಪಟ್ಟು ಏರುತ್ತದೆ. ಇಷ್ಟು ದುಡಿಯುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ಸಣ್ಣ ನಾಳಗಳು ಹೃದಯದ ಮೇಲೆಯೇ ಹಬ್ಬಿಕೊಂಡಿವೆ.

ಬೀಡಿ, ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತದಲ್ಲಿನ ಹೆಚ್ಚು ಕೊಬ್ಬು, ಇವುಗಳಿಂದ ವರ್ಷಗಳು ಕಳೆದಂತೆ ಈ ನಾಳಗಳ ಒಳಗೋಡೆಯಲ್ಲಿ ಜಿಡ್ಡು ಕೂಡುತ್ತದೆ. ಹೂಳು ತುಂಬಿದ ಕಾಲುವೆಯನ್ನು ನೆನೆಯಿರಿ. ಒಂದು ಮಡಿಗೆ ನೀರು ಹಾಯಿಸುವಾಗ ಕೊರತೆ ಕಾಣುವುದಿಲ್ಲ. ಎಲ್ಲ ಮಡಿಗಳಿಗೂ ಒಟ್ಟಿಗೆ ನೀರು ಬೇಕೆಂದಾಗ ಕೊನೆಯ ಮಡಿ ಒಣಗುತ್ತದೆ. ಹಾಗೆಯೇ, ಕುಳಿತಾಗ ಸಾಕಾಗುವ ರಕ್ತವು ಓಡುವಾಗ ಸಾಲದೆ ಹೃದಯ ನೋಯುತ್ತದೆ. ನಿಂತೊಡನೆ ಬೇಡಿಕೆ ಇಳಿದು ನೋವು ಹೋಗುತ್ತದೆ.

ಆದುದರಿಂದ ನೋವು ತಾನಾಗಿ ಹೋಯಿತೆಂದು ಸಮಾಧಾನಪಡಬಾರದು. ಶ್ರಮಪಟ್ಟಾಗ ಬಂದು, ವಿಶ್ರಾಂತಿಯಿಂದ ಹೋಗುವುದೇ ಹೃದಯದ ನೋವಿನ ಮುಖ್ಯ ಗುರುತು.

ಈ ಗುರುತು ಇಂದು ನಿನ್ನೆಯದಲ್ಲ. ವಿಲಿಯಂ ಹೆಬರ್ಡನ್ ಎಂಬ ಲಂಡನ್ನಿನ ವೈದ್ಯರು 1768ರಲ್ಲಿಯೇ ಇದನ್ನು ವೈದ್ಯರ ಸಭೆಯಲ್ಲಿ ವಿವರಿಸಿದರು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಮತ್ತು ಊಟವಾದ ಕೂಡಲೆ ಬರುತ್ತದೆ, ನಿಂತರೆ ಮಾಯವಾಗುತ್ತದೆ ಎಂದು ಅವರು ತಿಳಿಸಿದರು. ಆಗ ಇ.ಸಿ.ಜಿ. ಯಂತ್ರವಿರಲಿಲ್ಲ. ರೋಗಿಗಳು ಹೇಳಿದ್ದನ್ನು ಕಿವಿಗೊಟ್ಟು ಕೇಳಿಯೇ ಅವರು ಇದನ್ನು ಕಂಡುಕೊಂಡರು. ಇಂದಿಗೂ ವೈದ್ಯರಿಗೆ ಮೊದಲ ನೆರವು ನಿಮ್ಮ ಬಾಯಿಂದ ಬರುವ ವಿವರವೇ.

ಯಾವ ನೋವು ಯಾವುದರದು?

ಹೃದಯದ ನೋವು ಸಾಮಾನ್ಯವಾಗಿ ಚುಚ್ಚುವುದಿಲ್ಲ. ಎದೆಯ ನಡುವೆ ಕಲ್ಲು ಹೇರಿದಂತೆ, ಹಗ್ಗದಿಂದ ಬಿಗಿದಂತೆ ಇರುತ್ತದೆ. ಎಡತೋಳು, ಕೆಲವೊಮ್ಮೆ ಬಲತೋಳು, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ಹರಡಬಹುದು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವು ಸ್ಪಷ್ಟವಾಗಿರದೆ, ಬರಿಯ ಏದುಸಿರು, ವಿಪರೀತ ಸುಸ್ತು, ವಾಕರಿಕೆಯಾಗಿ ಕಾಣಿಸಿಕೊಳ್ಳುವುದುಂಟು.

ಪಕ್ಕೆಲುಬಿನ ಕೆಳಗೆ ಒಂದು ಕಡೆ ಚುಚ್ಚಿದರೆ ಅದು ಪಕ್ಕೆ ಹಿಡಿದದ್ದು. ಹೊಟ್ಟೆತುಂಬ ಉಂಡು ಇಲ್ಲವೆ ಬಹಳ ನೀರು ಕುಡಿದು ಓಡಿದರೆ ಹೀಗಾಗುತ್ತದೆ. ಮೂಟೆ ಹೊತ್ತ ಮರುದಿನ, ಬೆರಳಿನಿಂದ ಒತ್ತಿದಾಗ ಅಥವಾ ತೋಳು ತಿರುಗಿಸಿದಾಗ ನೋಯುವುದು ಎದೆಗೋಡೆಯ ಸ್ನಾಯುವಿನ ನೋವಾಗಿರಬಹುದು. ಹುಳಿತೇಗಿನೊಂದಿಗೆ ಉರಿ ಮೇಲೇರಿದರೆ ಜಠರದ ಆಮ್ಲದ್ದು. ಚಳಿಯ ಮುಂಜಾನೆ ಓಡಿದಾಗ ಎದೆ ಬಿಗಿದು, ಸುಂಯ್‌ಗುಟ್ಟುತ್ತ ಕೆಮ್ಮು ಬಂದರೆ ಉಬ್ಬಸವಿರಬಹುದು. ಇದಕ್ಕೆ ಒಳ್ಳೆಯ ಔಷಧಿಯುಂಟು. ಸ್ವಲ್ಪ ಓಡಿದರೂ ಎದೆ ಡವಡವ ಹೊಡೆದುಕೊಂಡು ಏದುಸಿರು ಬರುವವರು, ಅದರಲ್ಲೂ ಹೆಂಗಸರು, ರಕ್ತಹೀನತೆಯಿದೆಯೇ ಎಂದು ಪರೀಕ್ಷೆ ಮಾಡಿಸಬೇಕು.

ಆದರೆ ಗ್ಯಾಸೋ ಹೃದಯವೋ ಎಂಬ ತೀರ್ಮಾನವನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಅನುಭವಿ ವೈದ್ಯರೂ ಪರೀಕ್ಷೆಯಿಲ್ಲದೆ ಅದನ್ನು ಖಚಿತವಾಗಿ ಹೇಳುವುದಿಲ್ಲ.

ತರುಣರಿಗೆ ಒಂದು ಮಾತು

ಚಿಕ್ಕ ವಯಸ್ಸಿನಲ್ಲಿ ನಾಳ ಕಟ್ಟುವುದು ಅಪರೂಪ. ಆದರೆ ಹುಟ್ಟಿನಿಂದ ಬಂದ ದೋಷಗಳಿರಬಹುದು. ಹೃದಯದ ಸ್ನಾಯು ದಪ್ಪವಾಗುವ ಒಂದು ಕಾಯಿಲೆ ತಂದೆತಾಯಿಯಿಂದ ಮಕ್ಕಳಿಗೆ ಬರತಕ್ಕದ್ದು. ಓಡುವಾಗಲೇ ಕಣ್ಣು ಕತ್ತಲಿಟ್ಟು ಬಿದ್ದವರು, ಅಥವಾ ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡಿರುವವರು, ತಪಾಸಣೆಯಾಗುವವರೆಗೆ ಓಟ ನಿಲ್ಲಿಸಬೇಕು. ಜ್ವರವಿರುವಾಗ ಯಾರೂ ಓಡಬಾರದು. ಕೆಲವು ಜ್ವರಗಳಲ್ಲಿ ಹೃದಯದ ಸ್ನಾಯುವೂ ಊದಿಕೊಳ್ಳುತ್ತದೆ. ಭರ್ತಿಯ ಅವಕಾಶ ಇನ್ನೊಮ್ಮೆ ಬಂದೀತು, ಹೋದ ಜೀವ ಬಾರದು.

ಮೈಕಟ್ಟು ಚೆನ್ನಾಗಿದೆಯೆಂದು ಅಸಡ್ಡೆ ಮಾಡುವಂತೆಯೂ ಇಲ್ಲ. ನಿತ್ಯ ವ್ಯಾಯಾಮ ಮಾಡುತ್ತಿದ್ದ ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು ನಾಡಿಗೆಲ್ಲ ತಿಳಿದಿದೆ.

ನೋವು ಬಂದಾಗ ಏನು ಮಾಡಬೇಕು?

1. ತಕ್ಷಣ ನಿಲ್ಲಿರಿ, ಕುಳಿತುಕೊಳ್ಳಿರಿ. ಇನ್ನೊಂದು ಸುತ್ತು ಮುಗಿಸೋಣವೆಂದು ಓಡಬೇಡಿರಿ.

2. ಕೆಲವೇ ನಿಮಿಷಗಳಲ್ಲಿ ನೋವು ಹೋದರೂ ಮತ್ತೆ ಓಡಬೇಡಿರಿ. ಅಂದೇ ವೈದ್ಯರನ್ನು ಕಾಣಿರಿ.

3. ಹತ್ತು ನಿಮಿಷವಾದರೂ ಹೋಗದಿದ್ದರೆ 108ಕ್ಕೆ ಕರೆಮಾಡಿರಿ. ತಣ್ಣನೆಯ ಬೆವರು, ವಾಂತಿ, ಉಸಿರಾಟದ ತೊಂದರೆ, ತೋಳು ಅಥವಾ ದವಡೆಯ ನೋವು ಕೂಡಿದ್ದರೆ ಹತ್ತು ನಿಮಿಷವೂ ಕಾಯಬೇಡಿರಿ. ಆಸ್ಪಿರಿನ್ ಮಾತ್ರೆ ಕೊಡಬಹುದೇ ಎಂದು ಅವರನ್ನೇ ಕೇಳಿರಿ. ರೋಗಿಯು ತಾನೇ ಬೈಕ್ ಓಡಿಸಿಕೊಂಡು ಹೋಗಕೂಡದು.

4. ಬಿದ್ದವನಿಗೆ ಪ್ರಜ್ಞೆಯೂ ಉಸಿರೂ ಇಲ್ಲದಿದ್ದರೆ, ಒಬ್ಬರು 108ಕ್ಕೆ ಕರೆಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, 5ರಿಂದ 6 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ. ನೆರವು ಬರುವವರೆಗೆ ನಿಲ್ಲಿಸಬಾರದು.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸುತ್ತಾರೆ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಬೇಕಾದರೆ ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಈ ಚುಚ್ಚುಮದ್ದು ಬೇಗ ಸಿಕ್ಕಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ನಿಮ್ಮ ಊರಿಗೆ ಹತ್ತಿರದ ಇಂಥ ಆಸ್ಪತ್ರೆ ಯಾವುದೆಂದು ಆಶಾ ಕಾರ್ಯಕರ್ತೆಯವರನ್ನು ಇಂದೇ ಕೇಳಿಟ್ಟುಕೊಳ್ಳಿರಿ.

ಇನ್ನೊಂದು ಎಚ್ಚರಿಕೆ. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿ ಬಂದ ಮಾತ್ರಕ್ಕೆ ಹೃದಯದಲ್ಲಿ ದೋಷವಿಲ್ಲವೆಂದು ತಿಳಿಯಬಾರದು. ಮಲಗಿದಾಗ ಕೊರತೆ ಕಾಣುವುದಿಲ್ಲ ಎಂಬುದನ್ನು ಕಾಲುವೆಯ ಉದಾಹರಣೆಯಲ್ಲಿ ನೋಡಿದೆವು. "ಓಡಿದಾಗ ಬರುತ್ತದೆ, ನಿಂತರೆ ಹೋಗುತ್ತದೆ" ಎಂದು ವೈದ್ಯರಿಗೆ ಬಿಡಿಸಿ ಹೇಳಿದರೆ, ಅಗತ್ಯವಿದ್ದಲ್ಲಿ ಯಂತ್ರದ ಮೇಲೆ ನಡೆಸಿ ಮಾಡುವ ಪರೀಕ್ಷೆ ಮುಂತಾದುವನ್ನು ಬರೆದುಕೊಡುತ್ತಾರೆ.

ಓಟವನ್ನು ಆರಂಭಿಸುವ ಕ್ರಮ

ಇಷ್ಟನ್ನು ಓದಿ ಓಟವೇ ಬೇಡವೆನ್ನಬೇಡಿರಿ. ಆ ಹೆಬರ್ಡನ್ನರೇ, ದಿನಕ್ಕೆ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಇಟ್ಟುಕೊಂಡು ಬಹುಮಟ್ಟಿಗೆ ಗುಣವಾದ ಒಬ್ಬ ರೋಗಿಯನ್ನು ಕಂಡುದಾಗಿ ಬರೆದಿದ್ದಾರೆ. ಅಳತೆಯರಿತ ಶ್ರಮವು ಹೃದಯಕ್ಕೆ ಹಿತ. ರೋಗವಿರುವವರಿಗೆ ಆ ಅಳತೆಯನ್ನು ವೈದ್ಯರೇ ಹೇಳಬೇಕು.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡವಿರುವವರು, ಬೀಡಿ ಸೇದುವವರು ಮೊದಲು ತಪಾಸಣೆ ಮಾಡಿಸಿಕೊಳ್ಳಲಿ. ಮೊದಲ ಎರಡು ವಾರ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಅನಂತರ ಒಂದು ನಿಮಿಷ ಮೆಲ್ಲಗೆ ಓಡಿ ಎರಡು ನಿಮಿಷ ನಡೆಯುತ್ತ, ವಾರವಾರಕ್ಕೆ ಓಟವನ್ನು ಸ್ವಲ್ಪ ಹೆಚ್ಚಿಸಿರಿ. ಜೊತೆಗಾರನೊಡನೆ ಮಾತನಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಊಟವಾದ ಮೇಲೆ ಎರಡು ಗಂಟೆ ಬಿಟ್ಟು ಓಡಿರಿ. ಓಟದ ಮೊದಲೂ ಕೊನೆಯಲ್ಲೂ ಐದು ನಿಮಿಷ ನಡೆಯಿರಿ. ಬೀಡಿಯನ್ನು ಪೂರ್ತಿ ಬಿಡಿರಿ.

ಎತ್ತು ನೊಗದಲ್ಲಿ ಮುಗ್ಗರಿಸಿದರೆ ಒಡೆಯನು ಕೂಡಲೆ ನಿಲ್ಲಿಸಿ ಕಾಲು ನೋಡುತ್ತಾನೆ. ತನ್ನ ಎದೆಗೂ ಅಷ್ಟು ದಯೆ ತೋರಿಸಿದರೆ ಮನೆಮಂದಿಯೆಲ್ಲ ಉಳಿದಂತೆ. ಇದನ್ನು ಓದಿದವರು, ಓದಲಾರದ ನೆರೆಯವರಿಗೂ ಓಡುವ ಅಭ್ಯಾಸದಲ್ಲಿರುವ ಹುಡುಗರಿಗೂ ತಪ್ಪದೆ ಓದಿ ಹೇಳಬೇಕಾಗಿ ಕೋರುತ್ತೇವೆ.